ವಾಸಕ್ಕೆ ಯೋಗ್ಯವಲ್ಲದ ಫ್ಲಾಟ್, ಆಸ್ತಿ ತೆರಿಗೆ ಮಾತ್ರ ಪೂರ್ತಿ: ಬೆಂಗಳೂರಿನಲ್ಲಿ ಯಾರಿಗಾದರೂ ವಿನಾಯಿತಿ ಸಿಕ್ಕಿದೆಯೇ?

ಬಿ_ಬ್ಲಾಕ್_402

ನಮ್ಮ ಅಪಾರ್ಟ್‌ಮೆಂಟ್ ನಗರದ ಪೂರ್ವ ಭಾಗದಲ್ಲಿದೆ. ಮೂರು ಬ್ಲಾಕ್, ವಯಸ್ಸು 11 ವರ್ಷ. ಎರಡು ವರ್ಷಗಳ ಹಿಂದೆ ಬಿ ಬ್ಲಾಕಿನ ನೆಲಮಾಳಿಗೆಯ ಕಂಬಗಳಲ್ಲಿ ಉದ್ದುದ್ದನೆಯ ಬಿರುಕುಗಳು ಕಾಣಿಸಿಕೊಂಡವು. ಗಾರೆಯ ಬಿರುಕು ಎಂದುಕೊಂಡು ಮೆತ್ತಿಸಿ ಬಣ್ಣ ಬಳಿಸಿದೆವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮೆತ್ತಿದ್ದು ಕಳಚಿ ಬಿತ್ತು; ಒಳಗಿನ ಕಂಬಿ ಹಪ್ಪಳದಂತೆ ಪದರ ಪದರವಾಗಿ ಉದುರುತ್ತಿತ್ತು. ಪರೀಕ್ಷೆ ಮಾಡಿಸಿದೆವು. ಬಂದ ವರದಿಯ ಸಾರ: ಕಂಬಗಳಿಗೆ ತಕ್ಷಣ ಊರೆ ಕೊಡಿ, ಜನರನ್ನು ಖಾಲಿ ಮಾಡಿಸಿ. 32 ಮನೆಗಳವರು ಎಂಟು ತಿಂಗಳ ಹಿಂದೆ ಗಂಟುಮೂಟೆ ಕಟ್ಟಿದೆವು.

ಈಗ ತಿಂಗಳ ಮೊದಲ ವಾರದಲ್ಲಿ ಬ್ಯಾಂಕಿಗೆ ಕಂತು, ಹೊಸ ಮನೆಯ ಮಾಲೀಕರಿಗೆ ಬಾಡಿಗೆ, ಹಳೆಯ ಮನೆಯ ಸಂಘಕ್ಕೆ ನಿರ್ವಹಣಾ ಶುಲ್ಕ. ಇದರ ಮೇಲೆ ನಿನ್ನೆ ಆಸ್ತಿ ತೆರಿಗೆಯ ಸಂದೇಶ ಬಂತು. ಜಾಲತಾಣ ತೆರೆದರೆ ನನ್ನ ಮನೆ ‘ಆರ್‌ಸಿಸಿ ಕಟ್ಟಡ, ಸ್ವಂತ ವಾಸ’ ಎಂದಿದೆ. ವಾಸ ಮಾಡಿದರೆ ತಲೆಯ ಮೇಲೆ ಬೀಳುತ್ತದೆ ಎಂದು ಎಂಜಿನಿಯರ್ ಬರೆದುಕೊಟ್ಟಿರುವ ಮನೆ ಅದು.

ಪ್ರಶ್ನೆ ಇಷ್ಟೇ: ರಚನೆಯೇ ಕೆಟ್ಟಿರುವ, ಖಾಲಿ ಮಾಡಿಸಿದ ಮನೆಗೆ ತೆರಿಗೆಯಲ್ಲಿ ಕಡಿತ ಕೇಳಲು ದಾರಿ ಇದೆಯೇ? ಯಾರಾದರೂ ಕೇಳಿದ್ದೀರಾ?

ಮಾವಿನ_ಕೊಂಬೆ

ಕೇಳಿದವರಿದ್ದಾರೆ. ಪಡೆದವರನ್ನು ನಾನು ಕಂಡಿಲ್ಲ.

ಲೆಕ್ಕದ_ಶೇಷ

ತೆರಿಗೆ ಲೆಕ್ಕದ ಸೂತ್ರವನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ 2008ರಿಂದ ಘಟಕ ವಿಸ್ತೀರ್ಣ ಮೌಲ್ಯದ ಪದ್ಧತಿ ಇದೆ. ಮನೆ ಯಾವ ವಲಯದಲ್ಲಿದೆ, ಎಷ್ಟು ಚದರ ಅಡಿ, ಯಾವ ಬಗೆಯ ಕಟ್ಟಡ, ಸ್ವಂತ ವಾಸವೋ ಬಾಡಿಗೆಯೋ, ವಯಸ್ಸೆಷ್ಟು ಎಂದು ಮಾತ್ರ ಅದು ಕೇಳುತ್ತದೆ. ಆರೋಗ್ಯ ಹೇಗಿದೆ ಎಂದು ಕೇಳುವುದಿಲ್ಲ.

ಉದಾಹರಣೆಗೆ 1200 ಚದರ ಅಡಿ, ಚದರ ಅಡಿಗೆ ತಿಂಗಳಿಗೆ 2 ರೂಪಾಯಿ ದರ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಹನ್ನೆರಡಲ್ಲ, 10 ತಿಂಗಳ ಲೆಕ್ಕ. 24,000. ಅದರಲ್ಲಿ ವಯಸ್ಸಿನ ಸವಕಳಿ ಶೇ 12 ಎಂದು ಹಿಡಿದರೆ ಉಳಿಯುವುದು 21,120. ಇದರ ಶೇ 20 ತೆರಿಗೆ, ಅಂದರೆ 4,224. ಅದರ ಮೇಲೆ ಉಪಕರ (ಸೆಸ್) ಶೇ 24 ಎಂದು ಹಿಡಿದರೆ 1,014. ಒಟ್ಟು 5,238 ರೂಪಾಯಿ. ಏಪ್ರಿಲ್ ಒಳಗೆ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ.

ಇಡೀ ಲೆಕ್ಕದಲ್ಲಿ ಕಟ್ಟಡದ ಸ್ಥಿತಿಗೆ ಹತ್ತಿರ ಬರುವುದು ಸವಕಳಿಯೊಂದೇ. ಅದೂ ಹುಟ್ಟಿದ ದಿನಾಂಕ ನೋಡಿ ಕೊಡುವುದು. ಗಟ್ಟಿಮುಟ್ಟಾದ ಮುದುಕನಿಗೆ ಹೆಚ್ಚು ರಿಯಾಯಿತಿ, ಹಾಸಿಗೆ ಹಿಡಿದ ಹನ್ನೊಂದರ ಹುಡುಗನಿಗೆ ಕಡಿಮೆ.

ಕಡ್ಡಿ_ಮುರಿದಂತೆ

5,238 ರೂಪಾಯಿಗೆ ಇಷ್ಟು ಚರ್ಚೆಯೇ? ತಿಂಗಳಿಗೆ 436 ರೂಪಾಯಿ. ಕಟ್ಟಿ ಬಿಡಿ ಸ್ವಾಮಿ. ಆ ಶಕ್ತಿಯನ್ನು ಬಿಲ್ಡರ್ ಬೆನ್ನು ಹತ್ತಲು ಬಳಸಿ. ಮನೆಗೆ ಬೆಂಕಿ ಬಿದ್ದಾಗ ಬೀಡಿ ಹಚ್ಚಿಕೊಳ್ಳಲು ಕಡ್ಡಿ ಹುಡುಕಿದಂತಾಯಿತು.

ಬಿ_ಬ್ಲಾಕ್_402

@ಕಡ್ಡಿ_ಮುರಿದಂತೆ ನನ್ನೊಬ್ಬನ ಲೆಕ್ಕ ಅದು. 32 ಮನೆಗಳಿಗೆ ವರ್ಷಕ್ಕೆ 1,67,616. ದುರಸ್ತಿಗೆ ಮೂರು ವರ್ಷ ಹಿಡಿದರೆ ಐದು ಲಕ್ಷ ದಾಟುತ್ತದೆ. ನಾವು ಪರೀಕ್ಷೆಗೆ ಖರ್ಚು ಮಾಡಿದ್ದು ಅದಕ್ಕಿಂತ ಕಡಿಮೆ. ನಮ್ಮಲ್ಲಿ ಪಿಂಚಣಿಯ ಮೇಲೆ ಬದುಕುವ ನಾಲ್ಕು ದಂಪತಿಗಳಿದ್ದಾರೆ. ಅವರಿಗೆ 436 ರೂಪಾಯಿ ಬೀಡಿಕಡ್ಡಿಯಲ್ಲ.

ಇನ್ನೊಂದು ಮಾತು. ಬಿಲ್ಡರ್ ಬೆನ್ನು ಹತ್ತುವುದನ್ನು ಬಿಟ್ಟಿಲ್ಲ. ಎರಡು ಕೈಗಳಿವೆ.

ನಿವೃತ್ತ_ಗುಮಾಸ್ತ

ಕಂದಾಯ ವಿಭಾಗದಲ್ಲಿ ಮೂವತ್ತು ವರ್ಷ ಕುಳಿತವನು ನಾನು, ಯಾವ ಊರು ಎಂದು ಕೇಳಬೇಡಿ. ಬೇಸರವಾದರೂ ಕೇಳಿ.

ಮೊದಲನೆಯದಾಗಿ, ತೆರಿಗೆ ಕಟ್ಟುವುದನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ನಾನು ಕಂಡ ಮುಕ್ಕಾಲು ಪಾಲು ಜನ ಸಿಟ್ಟಿನಲ್ಲಿ ನಿಲ್ಲಿಸಿ, ಆಮೇಲೆ ಬಡ್ಡಿಯ ಲೆಕ್ಕ ನೋಡಿ ಕಣ್ಣೀರು ಹಾಕಿದ್ದಾರೆ. ಆಕ್ಷೇಪಣೆಯ ಮೇರೆಗೆ ಪಾವತಿಸುತ್ತಿದ್ದೇನೆ ಎಂದು ಪತ್ರ ಕೊಟ್ಟು ಕಟ್ಟಿ. ನಾಳೆ ನ್ಯಾಯಾಲಯದಲ್ಲಿ ನಿಲ್ಲುವಾಗ ಬಾಕಿದಾರ ಎಂಬ ಹೆಸರು ಇರಬಾರದು.

ಎರಡನೆಯದು, ಜಾಲತಾಣದಲ್ಲಿ ಕಾಲಂ ಇಲ್ಲ ಎಂದರೆ ಅಧಿಕಾರವೇ ಇಲ್ಲ ಎಂದಲ್ಲ. ಕಾಲಂ ಮಾಡುವವರು ಬೇರೆ, ಕಾನೂನು ಮಾಡುವವರು ಬೇರೆ. ಆದರೆ ಕೆಳಗಿನ ಹಂತದ ಅಧಿಕಾರಿ ಕಾಲಂ ಇಲ್ಲದ ಕೆಲಸ ಮಾಡುವುದಿಲ್ಲ. ನಾನೂ ಮಾಡುತ್ತಿರಲಿಲ್ಲ. ಮುಂದೆ ಲೆಕ್ಕಪರಿಶೋಧನೆಯವರು ಬಂದು ಈ ಮನೆಗೆ ಏಕೆ ಕಡಿಮೆ ಹಾಕಿದೆ ಎಂದು ಕೇಳಿದರೆ ನನ್ನ ಪಿಂಚಣಿಯಿಂದ ಕಟ್ಟಬೇಕಾಗುತ್ತದೆ ಎಂಬ ಭಯ. ಆದ್ದರಿಂದ ಅರ್ಜಿ ಕೌಂಟರಿನಲ್ಲಿ ಸಾಯಬಾರದು ಎಂದಿದ್ದರೆ ಆಯುಕ್ತರ ಹೆಸರಿಗೇ ಬರೆಯಿರಿ, ಪ್ರತಿಯನ್ನು ಕೆಳಗಿನವರಿಗೆ ಕೊಡಿ.

ಮೂರನೇ_ಅಡ್ಡರಸ್ತೆ

ಬಿಬಿಎಂಪಿ ಆಯುಕ್ತರಿಗೆ ಬರೆದರೆ ಉತ್ತರ ಬರಲು ಇನ್ನೊಂದು ಕಂಬ ಬೀಳಬೇಕು.

ನಿವೃತ್ತ_ಗುಮಾಸ್ತ

ಬಿಬಿಎಂಪಿ ಎಲ್ಲಿದೆ ಈಗ? 2025ರ ಸೆಪ್ಟೆಂಬರ್‌ನಿಂದ ಐದು ನಗರ ಪಾಲಿಕೆಗಳು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಅರ್ಜಿಯ ಮೇಲೆ ಹಳೆಯ ಹೆಸರು ಬರೆದರೆ ‘ನಮಗೆ ಸಂಬಂಧಿಸಿದ್ದಲ್ಲ’ ಎಂದು ವಾಪಸ್ ಕಳಿಸಲು ಒಳ್ಳೆಯ ನೆಪ ಸಿಗುತ್ತದೆ.

ಡಬ್ಲಿನ್_ಮಳೆ

ನಾನು ಐರ್ಲೆಂಡ್‌ನಲ್ಲಿದ್ದೇನೆ. ಇಲ್ಲಿ ಇದೇ ಸಮಸ್ಯೆ ದೊಡ್ಡ ರಾಜಕೀಯವಾಗಿ ಬೆಳೆದದ್ದನ್ನು ನೋಡಿದ್ದೇನೆ.

ಡೊನೆಗಲ್ ಮತ್ತು ಮೇಯೋ ಜಿಲ್ಲೆಗಳಲ್ಲಿ ಸಾವಿರಾರು ಮನೆಗಳ ಕಾಂಕ್ರೀಟ್ ಇಟ್ಟಿಗೆಗಳು ಬಿಸ್ಕತ್ತಿನಂತೆ ಪುಡಿಯಾದವು. ಮೊದಲು ಮೈಕಾ ಎಂದರು, ಅಂದರೆ ನಮ್ಮ ಅಭ್ರಕ. ಆಮೇಲೆ ಪೈರೈಟ್, ಪಿರೋಟೈಟ್ ಎಂಬ ಗಂಧಕದ ಖನಿಜಗಳ ಹೆಸರು ಬಂತು. ಜಲ್ಲಿಯಲ್ಲಿ ಅವು ಇದ್ದರೆ ತೇವ ತಗುಲಿದಂತೆ ಒಳಗೇ ಹಿಗ್ಗಿ ಕಾಂಕ್ರೀಟನ್ನು ಸೀಳುತ್ತವೆ. 2021ರಲ್ಲಿ ಜನ ಡಬ್ಲಿನ್‌ಗೆ ಬಸ್ಸುಗಳಲ್ಲಿ ಬಂದು ಬೀದಿ ತುಂಬಿದರು. ದುರಸ್ತಿ ಖರ್ಚಿನ ಶೇ 90 ಸಾಲದು, ಶೇ 100 ಕೊಡಿ ಎಂಬುದು ಅವರ ಕೂಗು. 2022ರಲ್ಲಿ ಹೊಸ ಕಾನೂನು ಬಂತು, ಒಂದು ಮನೆಗೆ ಗರಿಷ್ಠ 4,20,000 ಯೂರೋ ಅನುದಾನ ಎಂದಾಯಿತು.

ಇಲ್ಲಿಯ ಆಸ್ತಿ ತೆರಿಗೆಯಿಂದ ಅಂಥ ಮನೆಗಳಿಗೆ 6 ವರ್ಷ ವಿನಾಯಿತಿಯೂ ಇದೆ. ಆದರೆ ಅದು ಕೇಳಿದ ತಕ್ಷಣ ಸಿಗುವುದಿಲ್ಲ. ಪರೀಕ್ಷೆ ಮಾಡಿಸಿ, ದುರಸ್ತಿ ಯೋಜನೆಯಡಿ ನಿಮ್ಮ ಮನೆ ಹಾಳಾಗಿದೆ ಎಂದು ಒಪ್ಪಿಸಿರಬೇಕು. ಅಂದರೆ ತೆರಿಗೆ ವಿನಾಯಿತಿ ಬಾಲ, ಅನುದಾನ ಯೋಜನೆ ಹಸು. ನಮ್ಮಲ್ಲಿ ಹಸುವೇ ಇಲ್ಲದೆ ಬಾಲ ಹಿಡಿಯಲು ಹೊರಟಿದ್ದೀರಿ.

ಲೆಕ್ಕದ_ಶೇಷ

ಒಂದು ವ್ಯತ್ಯಾಸ ಗಮನಿಸಿ. ಅಲ್ಲಿ ತೆರಿಗೆ ಮಾರುಕಟ್ಟೆ ಬೆಲೆಯ ಮೇಲೆ. ಮನೆ ಪುಡಿಯಾದರೆ ಬೆಲೆ ಬೀಳುತ್ತದೆ, ವಾದ ಮಾಡಲು ನೆಲ ಸಿಗುತ್ತದೆ. ಬೆಂಗಳೂರಿನ ತೆರಿಗೆಗೂ ಮಾರುಕಟ್ಟೆ ಬೆಲೆಗೂ ನೇರ ಸಂಬಂಧವೇ ಇಲ್ಲ. ನನ್ನ ಮನೆ ಒಂದು ಕೋಟಿಗೆ ಬಾಳುತ್ತಿತ್ತು, ಈಗ ಹತ್ತು ಲಕ್ಷಕ್ಕೂ ಬಾಳುವುದಿಲ್ಲ ಎಂದರೆ, ಇರಬಹುದು, ಚದರ ಅಡಿ ಎಷ್ಟು ಎಂದು ಕೇಳುತ್ತಾರೆ.

ಕಡ್ಡಿ_ಮುರಿದಂತೆ

ಹಾಗಾದರೆ ಮಾರ್ಗಸೂಚಿ ಬೆಲೆಯ ಮೇಲೆ, ಅಂದರೆ ನೋಂದಣಿಗೆ ಸರ್ಕಾರ ನಿಗದಿ ಮಾಡುವ ಬೆಲೆಯ ಮೇಲೆ, ತೆರಿಗೆ ಹಾಕಿ ಎಂದು ಕೇಳೋಣವೇ? 2024ರಲ್ಲಿ ಅದೇ ಪ್ರಸ್ತಾವ ಬಂದಾಗ ಊರೆಲ್ಲ ಬೊಬ್ಬೆ ಹೊಡೆಯಿತು, ಈ ವೇದಿಕೆಯಲ್ಲಿ ಎಲ್ಲರಿಗಿಂತ ಜೋರಾಗಿ. ನನ್ನ ದನಿಯೂ ಇತ್ತು ಅನ್ನಿ.

ಲೆಕ್ಕದ_ಶೇಷ

ಮಾರ್ಗಸೂಚಿ ಬೆಲೆಯೂ ಉಪಯೋಗಕ್ಕೆ ಬರುವುದಿಲ್ಲ. ಅದು ಇಡೀ ಬಡಾವಣೆಗೆ, ಇಡೀ ಅಪಾರ್ಟ್‌ಮೆಂಟಿಗೆ ಒಂದೇ. ಬಿ ಬ್ಲಾಕಿನ ಕಂಬಕ್ಕೆ ತುಕ್ಕು ಹಿಡಿದಿದೆ ಎಂದು ಅದಕ್ಕೂ ಗೊತ್ತಾಗುವುದಿಲ್ಲ.

ಎ_ಬ್ಲಾಕ್_ನಿವಾಸಿ

ನಾನು ಬರೆಯಬಾರದು ಎಂದುಕೊಂಡಿದ್ದೆ. ನಮ್ಮ ಅಪಾರ್ಟ್‌ಮೆಂಟ್ ಯಾವುದು ಎಂದು ಇಲ್ಲಿ ಹೆಸರಿಸಿಲ್ಲ, ನಿಜ. ಆದರೆ ಗೊತ್ತಿರುವವರಿಗೆ ಗೊತ್ತಾಗುತ್ತದೆ. 402ರವರೇ, ನೀವು ತೆರಿಗೆ ಕಡಿತಕ್ಕೆ ಅರ್ಜಿ ಕೊಟ್ಟ ದಿನ ಈ ಸ್ವತ್ತು ಅಪಾಯಕಾರಿ ಎಂದು ಸರ್ಕಾರಿ ಕಡತದಲ್ಲಿ ದಾಖಲಾಗುತ್ತದೆ. ಖಾತೆ ಬೇರೆ ಬೇರೆ ಇರಬಹುದು, ಗೇಟ್ ಒಂದೇ. ನನ್ನ ಮಗಳ ಮದುವೆಗೆ ಈ ವರ್ಷ ಫ್ಲಾಟ್ ಮಾರಬೇಕೆಂದಿದ್ದೇನೆ. ಕೊಳ್ಳುವವರ ಬ್ಯಾಂಕಿನವರು ಆ ಕಡತ ನೋಡಿದರೆ ಸಾಲ ಕೊಡುತ್ತಾರೆಯೇ? ನಿಮ್ಮ 5,238 ರೂಪಾಯಿಗೆ ನನ್ನ ಎಂಬತ್ತು ಲಕ್ಷ ಹೋಗಬೇಕೇ?

ಬಿ_ಬ್ಲಾಕ್_402

ನಿಮ್ಮ ಕಷ್ಟ ಅರ್ಥವಾಗುತ್ತದೆ. ನಿಮ್ಮ ಬ್ಲಾಕನ್ನು ಪರೀಕ್ಷಿಸಬೇಕೆಂದು ಸಂಘದ ಸಭೆಯಲ್ಲಿ ಮೂರು ಬಾರಿ ಕೇಳಿದೆವು. ಮೂರೂ ಬಾರಿ ಬೇಡ ಎಂದು ಕೈ ಎತ್ತಿದವರಲ್ಲಿ ನೀವಿದ್ದಿರಿ ಎಂದು ನನ್ನ ನೆನಪು. ಒಂದೇ ಗುತ್ತಿಗೆದಾರ, ಒಂದೇ ವರ್ಷ, ಒಂದೇ ಕೊಳವೆಬಾವಿಯ ನೀರು.

ಎ_ಬ್ಲಾಕ್_ನಿವಾಸಿ

ನಮ್ಮ ಕಂಬಗಳು ಚೆನ್ನಾಗಿವೆ.

ಕಾಂಕ್ರೀಟ್_ಕೋರ್

ಚೆನ್ನಾಗಿವೆ ಎಂದು ಹೊರಗಿನಿಂದ ನೋಡಿ ಹೇಳಲಾಗದು. ಕಟ್ಟಡಗಳ ಸ್ಥಿತಿ ಪರೀಕ್ಷಿಸುವುದು ನನ್ನ ಹೊಟ್ಟೆಪಾಡು.

ಕಾಂಕ್ರೀಟಿನ ಕ್ಷಾರಗುಣ ಕಂಬಿಯನ್ನು ತುಕ್ಕಿನಿಂದ ಕಾಯುತ್ತದೆ. ನೀರಿನಲ್ಲಿ ಅಥವಾ ಮರಳಿನಲ್ಲಿ ಕ್ಲೋರೈಡ್ ಹೆಚ್ಚಿದ್ದರೆ ಆ ಕಾವಲು ಒಳಗಿನಿಂದಲೇ ಮುರಿಯುತ್ತದೆ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಸಾಮಾನ್ಯವಾಗಿ ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟಿನಲ್ಲಿ ಕ್ಲೋರೈಡ್ ಘನ ಮೀಟರಿಗೆ 0.6 ಕಿಲೋ ದಾಟಬಾರದು. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಕಾಂಕ್ರೀಟನ್ನು ಹೊರಕ್ಕೆ ತಳ್ಳುತ್ತದೆ. ನಿಮಗೆ ಬಿರುಕು ಕಾಣುವ ಹೊತ್ತಿಗೆ ಒಳಗೆ ವರ್ಷಗಳ ಕೆಲಸ ನಡೆದಿರುತ್ತದೆ. ಬಿರುಕು ಕಂಬಿಯ ನೇರಕ್ಕೆ ಉದ್ದಕ್ಕೆ ಸಾಗಿದ್ದರೆ ಅದು ಬಹುತೇಕ ತುಕ್ಕಿನದೇ. ಗಾರೆಯ ಬಿರುಕು ಜೇಡನ ಬಲೆಯಂತೆ ಹರಡುತ್ತದೆ. ಈ ವ್ಯತ್ಯಾಸ ಗೊತ್ತಿದ್ದರೆ ನೀವು ಅಂದು ಬಣ್ಣಕ್ಕೆ ಕೊಟ್ಟ ಹಣ ಉಳಿಯುತ್ತಿತ್ತು.

402ರವರೇ, ನಿಮ್ಮ ವರದಿಯಲ್ಲಿ ಏನೇನು ಪರೀಕ್ಷೆ ಇದೆ? ಬರೀ ಸುತ್ತಿಗೆ ಬಡಿದು ನೋಡಿದ ರಿಬೌಂಡ್ ಹ್ಯಾಮರ್ ಅಂಕಿಗಳಿದ್ದರೆ ಎದುರಾಳಿ ಐದು ನಿಮಿಷದಲ್ಲಿ ಹರಿದು ಹಾಕುತ್ತಾನೆ. ಕೋರ್, ಅಂದರೆ ಕೊರೆದು ತೆಗೆದ ಕಾಂಕ್ರೀಟಿನ ತುಂಡು, ಅದರ ಒತ್ತಡ ಪರೀಕ್ಷೆ ಮಾಡಿರಬೇಕು. ಕನಿಷ್ಠ ಮೂರು ಕೋರ್, ಸರಾಸರಿ ಬಲ ನಿಗದಿತ ದರ್ಜೆಯ ಶೇ 85ಕ್ಕಿಂತ ಕಡಿಮೆಯಾಗಬಾರದು, ಯಾವ ಒಂದೂ ಶೇ 75ಕ್ಕಿಂತ ಕೆಳಗಿಳಿಯಬಾರದು. ಜತೆಗೆ ಕ್ಲೋರೈಡ್ ಅಂಶದ ಪರೀಕ್ಷೆ, ಕಂಬಿಗೆ ತುಕ್ಕು ಹಿಡಿಯುವ ಸಂಭವ ಅಳೆಯುವ ಹಾಫ್ ಸೆಲ್ ಪರೀಕ್ಷೆ.

ಬಿ_ಬ್ಲಾಕ್_402

ಕೋರ್ ಇದೆ. ಒಂಬತ್ತು ತೆಗೆದರು, ಐದು ಶೇ 75ಕ್ಕಿಂತ ಕೆಳಗೆ. ಕ್ಲೋರೈಡ್ ಕೂಡ ಮಿತಿಗಿಂತ ಮೇಲಿದೆ. ಹಾಫ್ ಸೆಲ್ ಎಂಬ ಪದ ವರದಿಯಲ್ಲಿದೆ, ಓದಿ ನನಗೇನೂ ಅರ್ಥವಾಗಲಿಲ್ಲ.

ಕಾಂಕ್ರೀಟ್_ಕೋರ್

ಅರ್ಥವಾಗದಿದ್ದರೂ ಅಡ್ಡಿಯಿಲ್ಲ. ಅರ್ಜಿಯ ಜೊತೆ ಇಡೀ ವರದಿ ಬೇಡ, ತೀರ್ಮಾನದ ಪುಟ ಮತ್ತು ಕೋರ್ ಕೋಷ್ಟಕ ಸಾಕು.

ತವರು_ಹುಬ್ಬಳ್ಳಿ

ನಡುವೆ ಬಾಯಿ ಹಾಕುತ್ತೇನೆ. ಕಸದ ಶುಲ್ಕದ ಬಗ್ಗೆ ಯಾರೂ ಮಾತನಾಡಲಿಲ್ಲ! 2025ರ ಏಪ್ರಿಲ್‌ನಿಂದ ತೆರಿಗೆಯ ಜೊತೆಗೇ ಸೇರಿಸಿದ್ದಾರಲ್ಲ. 1000ದಿಂದ 2000 ಚದರ ಅಡಿಯ ಮನೆಗೆ ತಿಂಗಳಿಗೆ 100 ರೂಪಾಯಿ. ಎಂಟು ತಿಂಗಳಿಂದ ಮನುಷ್ಯರೇ ಇಲ್ಲದ ಮನೆಗೆ ಯಾವ ಕಸ?

ಬಿ_ಬ್ಲಾಕ್_402

ಕಟ್ಟಿದ್ದೇನೆ, ವರ್ಷಕ್ಕೆ 1200. ಬಿ ಬ್ಲಾಕಿನಲ್ಲಿ ಈಗ ವಾಸವಿರುವುದು ಒಂದು ಹೆಣ್ಣು ಬೆಕ್ಕು ಮತ್ತು ಅದರ ಮೂರು ಮರಿಗಳು. ಕಾವಲುಗಾರ ಹಾಲು ಇಡುತ್ತಾನೆ. ಕಸ ಎಂದರೆ ಆ ಹಾಲಿನ ಪ್ಯಾಕೆಟ್.

ಮಾವಿನ_ಕೊಂಬೆ

ಬೆಕ್ಕು ಬಾಡಿಗೆದಾರಳಾದರೆ ಹುಷಾರು, ಬಾಡಿಗೆ ಮನೆಗೆ ದರ ಎರಡು ಪಟ್ಟು.

ತವರು_ಹುಬ್ಬಳ್ಳಿ

ಊರೆ ಕೊಟ್ಟಿರುವ ಕಂಬದ ಕೆಳಗೆ ಬೆಕ್ಕು ಮರಿ ಹಾಕಿದೆಯೇ? ದಯವಿಟ್ಟು ಬೇರೆ ಕಡೆ ಸಾಗಿಸಿ, ರಾತ್ರಿ ನನಗೆ ನಿದ್ದೆ ಬರುವುದಿಲ್ಲ.

ನಿವೃತ್ತ_ಗುಮಾಸ್ತ

ತಮಾಷೆಯಲ್ಲಿ ಒಂದು ಸರಿಯಾದ ಅಂಶ ಬಂದಿದೆ. ನಿಮ್ಮ 32ರಲ್ಲಿ ಯಾರಾದರೂ ಮೊದಲು ಬಾಡಿಗೆಗೆ ಕೊಟ್ಟಿದ್ದವರಿದ್ದರೆ ಇನ್ನೂ ಬಾಡಿಗೆ ದರದಲ್ಲೇ ಕಟ್ಟುತ್ತಿರುತ್ತಾರೆ. ಬಾಡಿಗೆದಾರ ಹೋಗಿ ಎಂಟು ತಿಂಗಳಾಗಿದೆ. ಸ್ವಯಂ ಘೋಷಣೆಯಲ್ಲಿ ಅದನ್ನು ಸರಿಪಡಿಸಿಕೊಳ್ಳಲು ಯಾರ ಕೃಪೆಯೂ ಬೇಡ. ಖಾಲಿ ಮಾಡಿದ ಕರಾರು ಪತ್ರ ಇಟ್ಟುಕೊಂಡಿರಲಿ.

ಬಿ_ಬ್ಲಾಕ್_402

ಐದು ಜನ ಇದ್ದಾರೆ! ಗುಂಪಿನಲ್ಲಿ ಈಗಲೇ ಹಾಕುತ್ತೇನೆ. ನಿಮಗೆ ಒಂದು ಫಿಲ್ಟರ್ ಕಾಫಿ ಬಾಕಿ.

ವಕಾಲತ್ತು

ಕಡ್ಡಿಯವರು ಬಿಲ್ಡರ್ ಬೆನ್ನು ಹತ್ತಿ ಎಂದರು. ಎಷ್ಟು ದೂರ ಹತ್ತಬಹುದು ಎಂದು ಹೇಳುತ್ತೇನೆ. ಬಿಲ್ಡರ್‌ಗಳನ್ನು ನಿಯಂತ್ರಿಸುವ ರೇರಾ ಕಾಯ್ದೆಯ 14(3)ನೇ ಕಲಂ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ರಚನೆಯ ದೋಷವನ್ನು ಗಮನಕ್ಕೆ ತಂದರೆ ಬಿಲ್ಡರ್ 30 ದಿನದಲ್ಲಿ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಇವರ ಕಟ್ಟಡಕ್ಕೆ 11 ವರ್ಷ. ಹುಟ್ಟುವಾಗ ಆ ಕಾಯ್ದೆಯೇ ಇರಲಿಲ್ಲ. ಅದು 2016ರದು, ಪೂರ್ತಿ ಜಾರಿಯಾದದ್ದು 2017ರ ಮೇ ತಿಂಗಳಲ್ಲಿ. ಗ್ರಾಹಕ ಆಯೋಗದಲ್ಲಿ ದೂರು ಕೊಡಲು ವ್ಯಾಜ್ಯಕಾರಣ ಹುಟ್ಟಿದ ದಿನದಿಂದ 2 ವರ್ಷ. ಬಿರುಕು ಕಂಡ ದಿನವೋ ವರದಿ ಬಂದ ದಿನವೋ ಎಂಬುದರ ಮೇಲೆ ಎರಡೂ ಕಡೆಯವರು ದಿನಗಟ್ಟಲೆ ವಾದಿಸಬಹುದು. 402ರವರೇ, ನೀವು ‘ಎರಡು ವರ್ಷಗಳ ಹಿಂದೆ ಬಿರುಕು ಕಂಡಿತು’ ಎಂದು ಮೇಲೆ ಬರೆದದ್ದನ್ನು ಓದಿ ನನ್ನ ಎದೆ ಧಸಕ್ಕೆಂದಿತು. ಇಂದೇ ನಿಮ್ಮ ವಕೀಲರಿಗೆ ಫೋನ್ ಮಾಡಿ.

ಬಿ_ಬ್ಲಾಕ್_402

ದೂರು ದಾಖಲಾಗಿದೆ, ಅವಧಿಯೊಳಗೇ. ‘ಎರಡು ವರ್ಷ’ ಎಂದದ್ದು ಸುಮಾರು ಲೆಕ್ಕ. ಇನ್ನು ಮುಂದೆ ಇಲ್ಲಿ ದಿನಾಂಕ ಬರೆಯುವುದಿಲ್ಲ, ಸರಿಯೇ?

ವಕಾಲತ್ತು

ಸರಿ. ಉಸಿರು ಬಿಟ್ಟೆ.

ದಾದರ್_ಲೋಕಲ್

ಮುಂಬೈ ಕನ್ನಡಿಗ. ಇಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ರಚನಾ ಪರೀಕ್ಷೆ ಕಡ್ಡಾಯ. ಶಿಥಿಲ ಕಟ್ಟಡಗಳನ್ನು ಪಾಲಿಕೆ ಸಿ1, ಸಿ2ಎ, ಸಿ2ಬಿ, ಸಿ3 ಎಂದು ವಿಂಗಡಿಸುತ್ತದೆ. ಸಿ1 ಎಂದರೆ ಖಾಲಿ ಮಾಡಿ ಕೆಡವಬೇಕಾದದ್ದು, ಸಿ3 ಎಂದರೆ ಸಣ್ಣಪುಟ್ಟ ದುರಸ್ತಿ. ಮಳೆಗಾಲಕ್ಕೆ ಮೊದಲು ಸಿ1 ಪಟ್ಟಿ ಪತ್ರಿಕೆಗಳಲ್ಲಿ ಬರುತ್ತದೆ.

ಇದರಿಂದ ತೆರಿಗೆ ಇಳಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಕನಿಷ್ಠ ಒಂದು ಅಕ್ಷರ, ಒಂದು ಅಂಕಿ ಇದೆ. ಗುಮಾಸ್ತರು ಹೇಳಿದ ಕಾಲಂ ಹುಟ್ಟಬೇಕಾದರೆ ಅದರೊಳಗೆ ತುಂಬಲು ಏನಾದರೂ ಬೇಕಲ್ಲ. ಖಾಸಗಿ ಎಂಜಿನಿಯರ್ ಬರೆದದ್ದನ್ನು ಅಧಿಕಾರಿ ನಂಬಲಾರ. ಪಾಲಿಕೆಯೇ ಕೊಟ್ಟ ಸಿ1 ಚೀಟಿಯನ್ನು ಅಲ್ಲಗಳೆಯಲಾರ.

ಲೆಕ್ಕದ_ಶೇಷ

ಇದು ನನಗೆ ಹೊಳೆದಿರಲಿಲ್ಲ. ಸೂತ್ರದಲ್ಲಿ ಸವಕಳಿಯ ಸಾಲು ಆಗಲೇ ಇದೆ. ಅಪಾಯಕಾರಿ ಎಂದು ಪಾಲಿಕೆಯೇ ಗುರುತಿಸಿದ ಕಟ್ಟಡಕ್ಕೆ ವಯಸ್ಸನ್ನು ಬಿಟ್ಟು ಗರಿಷ್ಠ ಸವಕಳಿ ಕೊಡಿ ಎಂದರೆ ಹೊಸ ತೆರಿಗೆ ಪದ್ಧತಿ ಬೇಡ, ಒಂದು ಅಧಿಸೂಚನೆ ಸಾಕಾಗಬಹುದು. ಹೈದರಾಬಾದಿನಲ್ಲಿ ಖಾಲಿ ಮನೆಗೆ ವೇಕೆನ್ಸಿ ರೆಮಿಷನ್, ಅಂದರೆ ಖಾಲಿ ಇದ್ದದ್ದಕ್ಕೆ ತೆರಿಗೆ ಕಡಿತ, ಎಂದು ಅರ್ಜಿ ಹಾಕುವ ಪದ್ಧತಿ ಇದೆ, ಅದನ್ನೂ ಮಾದರಿಯಾಗಿ ತೋರಿಸಬಹುದು.

ಕಡ್ಡಿ_ಮುರಿದಂತೆ

ಅಧಿಸೂಚನೆ ಬಂದ ಮಾರನೆಯ ದಿನ ಬೆಂಗಳೂರಿನ ಅರ್ಧ ಮನೆಗಳು ಅಪಾಯಕಾರಿಯಾಗುತ್ತವೆ. ಸರ್ಟಿಫಿಕೇಟ್ ಬರೆದುಕೊಡುವ ಎಂಜಿನಿಯರ್‌ಗಳು ರಸ್ತೆಬದಿಯಲ್ಲಿ ಟೇಬಲ್ ಹಾಕಿ ಕೂರುತ್ತಾರೆ, ವಾಹನಗಳ ಹೊಗೆ ತಪಾಸಣೆಯವರ ಪಕ್ಕದಲ್ಲೇ.

ಕಾಂಕ್ರೀಟ್_ಕೋರ್

ಕೂರಲಿ ಬಿಡಿ. ಅಪಾಯಕಾರಿ ಎಂದು ಬರೆಸಿಕೊಂಡವನು ಅದೇ ದಿನ ಮನೆ ಖಾಲಿ ಮಾಡಬೇಕು ಎಂದು ನಿಯಮ ಇಟ್ಟರೆ ಎಷ್ಟು ಜನ ಸಾಲಿನಲ್ಲಿ ನಿಲ್ಲುತ್ತಾರೆ ನೋಡೋಣ. 5,000 ಉಳಿಸಲು ಯಾರೂ ಬೀದಿಗೆ ಬರುವುದಿಲ್ಲ.

ಕಡ್ಡಿ_ಮುರಿದಂತೆ

ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ವಿರಳ ಸಂದರ್ಭ, ದಿನಾಂಕ ಬರೆದಿಟ್ಟುಕೊಳ್ಳಿ.

ಹಾರ್ಟ್‌ಫರ್ಡ್_ಹಿಮ

ಎ ಬ್ಲಾಕಿನವರ ಮಾತನ್ನು ಎಲ್ಲರೂ ದಾಟಿಕೊಂಡು ಹೋದಿರಿ. ಇಡೀ ಚರ್ಚೆಯ ಗಂಟು ಅಲ್ಲಿದೆ ಎಂದು ನನಗನಿಸುತ್ತದೆ.

ನಾನಿರುವ ಕನೆಕ್ಟಿಕಟ್ ರಾಜ್ಯದ ಈಶಾನ್ಯ ಭಾಗದಲ್ಲಿ ಮನೆಗಳ ಅಡಿಪಾಯಗಳು ಬಿರುಕು ಬಿಟ್ಟವು. ವಿಲ್ಲಿಂಗ್‌ಟನ್ ಊರಿನ ಒಂದು ಕ್ವಾರಿಯ ಜಲ್ಲಿಯಲ್ಲಿ ಪಿರೋಟೈಟ್ ಇತ್ತು. 1980ರ ದಶಕದಿಂದ ಆ ಜಲ್ಲಿ ಹಾಕಿ ಕಟ್ಟಿದ್ದರು. ಜನ ವರ್ಷಗಟ್ಟಲೆ ಬಾಯಿ ಬಿಡಲಿಲ್ಲ. ಹೇಳಿದರೆ ಮನೆಯ ಬೆಲೆ ಹೋಗುತ್ತದೆ, ಪಕ್ಕದವರ ಬೆಲೆಯೂ ಹೋಗುತ್ತದೆ, ಪಕ್ಕದವರು ಮಾತು ಬಿಡುತ್ತಾರೆ. ಪ್ರತಿಯೊಬ್ಬರೂ ತಮ್ಮ ನೆಲಮಾಳಿಗೆಯ ಬಾಗಿಲು ಮುಚ್ಚಿಕೊಂಡು ಸುಮ್ಮನಿದ್ದರು.

2016ರಲ್ಲಿ ಒಂದು ಕಾನೂನು ಬಂತು: ಎಂಜಿನಿಯರ್ ವರದಿ ತಂದರೆ ಊರಿನ ಆಡಳಿತ ಬಂದು ನೋಡಿ ತೆರಿಗೆಯ ಮೌಲ್ಯವನ್ನು ಇಳಿಸಬೇಕು. ಇಳಿಸಿದ ಮೌಲ್ಯ ಐದು ವರ್ಷಕ್ಕೆ. ಹಣ ದೊಡ್ಡದಲ್ಲ, ಒಂದು ಅಡಿಪಾಯ ಬದಲಿಸುವ ಖರ್ಚಿಗೆ ಅದು ಎಳ್ಳುಕಾಳು. ಆಮೇಲೆ ದುರಸ್ತಿಗೆಂದೇ ಒಂದು ನಿಧಿ ಬಂತು. ಅದಕ್ಕಾಗಿ ಪ್ರತಿ ಗೃಹ ವಿಮೆಯ ಮೇಲೆ ವರ್ಷಕ್ಕೆ 12 ಡಾಲರ್ ಹಾಕಿದರು. ನನ್ನ ಅಡಿಪಾಯ ಗಟ್ಟಿಯಾಗಿದೆ, ನಾನೂ ಕೊಡುತ್ತೇನೆ. ಯಾರ ಮನೆ ಎಂದು ತಿಳಿಯದೆ ನಿಧಿ ಹುಟ್ಟುವುದಿಲ್ಲ. ಬಾಯಿ ಬಿಟ್ಟವನಿಗೆ ಏನಾದರೂ ಸಿಗದೆ ಯಾರ ಮನೆ ಎಂದು ತಿಳಿಯುವುದಿಲ್ಲ. ತೆರಿಗೆ ಕಡಿತ ಬಾಯಿ ಬಿಡಿಸುವ ಮೊದಲ ಬೆಲ್ಲದ ಚೂರು.

ಡಬ್ಲಿನ್_ಮಳೆ

ಹಾಗಾದರೆ ನನ್ನ ಹಸು ಮತ್ತು ಬಾಲದ ಹೋಲಿಕೆ ತಲೆಕೆಳಗಾಯಿತು.

ಹಾರ್ಟ್‌ಫರ್ಡ್_ಹಿಮ

ಕೆಲವು ಹಸುಗಳು ಹಿಂದಕ್ಕೆ ನಡೆಯುತ್ತವೆ.

ಎ_ಬ್ಲಾಕ್_ನಿವಾಸಿ

ಅಮೆರಿಕದಲ್ಲಿ ನಿಧಿ ಬಂತು, ಐರ್ಲೆಂಡ್‌ನಲ್ಲಿ ಅನುದಾನ ಬಂತು. ಇಲ್ಲಿ ನಾನು ಬಾಯಿ ಬಿಟ್ಟರೆ ನನಗೆ ಬರುವುದು ಏನು? ಒಂದು ನೋಟಿಸ್. ನನ್ನನ್ನು ಕೆಟ್ಟವನೆಂದು ತೋರಿಸುವುದು ಸುಲಭ. ಈ ಮನೆ ಬಿಟ್ಟರೆ ನನಗೆ ಬೇರೇನೂ ಇಲ್ಲ.

ವಕಾಲತ್ತು

ಯಾರೂ ಕೆಟ್ಟವರೆನ್ನುತ್ತಿಲ್ಲ. ಆದರೆ ಒಂದು ಎಚ್ಚರಿಕೆ. ಪಕ್ಕದ ಬ್ಲಾಕ್ ಖಾಲಿಯಾದದ್ದು ನಿಮಗೆ ಗೊತ್ತು, ಸಭೆಯ ನಡಾವಳಿಯಲ್ಲಿ ಪರೀಕ್ಷೆಯ ಮಾತು ದಾಖಲಾಗಿದೆ. ಗೊತ್ತಿದ್ದೂ ಕೊಳ್ಳುವವರಿಂದ ಮುಚ್ಚಿಟ್ಟು ಮಾರಿದರೆ ನಾಳೆ ಅವರು ನಿಮ್ಮ ಮೇಲೆ ದಾವೆ ಹೂಡಬಹುದು. ಮದುವೆಗೆಂದು ಪಡೆದ ಹಣವನ್ನು ಮದುವೆಯ ನಂತರ ಹಿಂದಿರುಗಿಸುವ ಸ್ಥಿತಿ ಬೇಡ.

ದೆಹಲಿಯ ಸಿಗ್ನೇಚರ್ ವ್ಯೂ ಪ್ರಕರಣವನ್ನು ನೋಡಿ. ಮುಖರ್ಜಿ ನಗರದಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಕಟ್ಟಿದ 336 ಫ್ಲಾಟ್‌ಗಳು, ಹದಿನೈದು ವರ್ಷ ತುಂಬುವ ಆಸುಪಾಸಿನಲ್ಲೇ ಅಪಾಯಕಾರಿ ಎಂದಾದವು. ಕೆಡವಿ ಮತ್ತೆ ಕಟ್ಟಬೇಕು, ಅಲ್ಲಿಯವರೆಗೆ ತಿಂಗಳ ಬಾಡಿಗೆ ಕೊಡಬೇಕು ಎಂದಾಯಿತು: ದೊಡ್ಡ ಫ್ಲಾಟಿಗೆ 50,000, ಚಿಕ್ಕದಕ್ಕೆ 38,000. 2024ರ ಕೊನೆಯಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕಟ್ಟಿದ್ದು ಸರ್ಕಾರಿ ಸಂಸ್ಥೆ, ನಿಮ್ಮದು ಖಾಸಗಿ, ಅದು ದೊಡ್ಡ ವ್ಯತ್ಯಾಸವೇ. ಆದರೂ ಆ ಜನರ ಕೈಯಲ್ಲಿ ಐಐಟಿಯ ವರದಿ ಇತ್ತು, ಪರೀಕ್ಷೆ ಬೇಡ ಎಂದು ಕೈ ಎತ್ತಿದ ನಡಾವಳಿ ಇರಲಿಲ್ಲ.

ಎ_ಬ್ಲಾಕ್_ನಿವಾಸಿ

ಕಾಂಕ್ರೀಟ್ ಕೋರ್ ಅವರೇ, ಒಂದು ಕಂಬಕ್ಕೆ ಕೋರ್ ತೆಗೆಯಲು ಎಷ್ಟು ದಿನ ಬೇಕು? ಸುಮ್ಮನೆ ಕೇಳುತ್ತಿದ್ದೇನೆ.

ಕಾಂಕ್ರೀಟ್_ಕೋರ್

ತೆಗೆಯಲು ಅರ್ಧ ದಿನ. ಪ್ರಯೋಗಾಲಯದಿಂದ ಫಲಿತಾಂಶಕ್ಕೆ ಒಂದು ವಾರ. ಕಂಬಕ್ಕೆ ಬಿದ್ದ ತೂತನ್ನು ಕುಗ್ಗದ ಗಾರೆಯಿಂದ ಮುಚ್ಚಿಸಿ, ಅದನ್ನು ಮರೆಯುವವರು ಬಹಳ.

ಬಿ_ಬ್ಲಾಕ್_402

ಅರ್ಜಿಯ ಕರಡು ಸಿದ್ಧವಾಯಿತು. ಮೂರು ಬೇಡಿಕೆ ಇಟ್ಟಿದ್ದೇನೆ. ಪಾಲಿಕೆಯ ಎಂಜಿನಿಯರ್ ಬಂದು ಸ್ಥಳ ನೋಡಿ ಬಿ ಬ್ಲಾಕ್ ವಾಸಯೋಗ್ಯವೇ ಎಂದು ಲಿಖಿತವಾಗಿ ಹೇಳಬೇಕು. ವಾಸಯೋಗ್ಯವಲ್ಲವೆಂದರೆ ದುರಸ್ತಿ ಮುಗಿಯುವವರೆಗೆ ಗರಿಷ್ಠ ಸವಕಳಿ ಕೊಡಬೇಕು. ಕಸದ ಶುಲ್ಕ ಮನ್ನಾ ಮಾಡಬೇಕು. ಬೆಕ್ಕಿನ ವಿಷಯ ಬರೆದಿಲ್ಲ.

ನಿವೃತ್ತ_ಗುಮಾಸ್ತ

ಮೊದಲನೆಯ ಬೇಡಿಕೆಯನ್ನು ಪ್ರತ್ಯೇಕ ಅರ್ಜಿಯಾಗಿ ಕೊಡಿ. ಒಂದೇ ಕಾಗದದಲ್ಲಿ ಮೂರು ಇದ್ದರೆ ಎಂಜಿನಿಯರಿಂಗ್ ವಿಭಾಗ ಕಂದಾಯಕ್ಕೆ, ಕಂದಾಯ ಕಸದವರಿಗೆ ಕಳಿಸುತ್ತದೆ. ಕಡತ ಪ್ರವಾಸ ಮಾಡುತ್ತಿರುತ್ತದೆ. ಪ್ರತಿಯೊಂದಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಕದಲಬೇಡಿ.

ಬಿ_ಬ್ಲಾಕ್_402

ಇಂದು ಹೋಗಿದ್ದೆ. 28 ಮನೆಗಳವರು ಸಹಿ ಮಾಡಿದ್ದಾರೆ. ಕೌಂಟರಿನಲ್ಲಿದ್ದವರು ಕಾಗದ ತಿರುಗಿಸಿ ನೋಡಿ, ಇಂಥದ್ದಕ್ಕೆ ನಮ್ಮಲ್ಲಿ ಅವಕಾಶವಿಲ್ಲ ಎಂದರು. ಅವಕಾಶವಿಲ್ಲ ಎಂದು ಅದರ ಮೇಲೆಯೇ ಬರೆದುಕೊಡಿ ಎಂದೆ. ಹತ್ತು ನಿಮಿಷ ಒಳಗೆ ಹೋಗಿ ಬಂದು ಮೂರಕ್ಕೂ ಮುದ್ರೆ ಒತ್ತಿದರು. ಮತ್ತೊಂದು ಸುದ್ದಿ: ಎ ಬ್ಲಾಕಿನಿಂದ ಇಬ್ಬರು ಪರೀಕ್ಷೆಯ ಖರ್ಚು ವಿಚಾರಿಸಿ ಸಂಘಕ್ಕೆ ಪತ್ರ ಬರೆದಿದ್ದಾರಂತೆ. ಯಾರೆಂದು ನಾನು ಕೇಳಲಿಲ್ಲ.

ತವರು_ಹುಬ್ಬಳ್ಳಿ

ಬೆಕ್ಕು?

ಬಿ_ಬ್ಲಾಕ್_402

ಮರಿಗಳ ಸಮೇತ ಕಾವಲುಗಾರನ ಕೋಣೆಗೆ ಸ್ಥಳಾಂತರ. ತಾಯಿ ದಿನಕ್ಕೆ ಎರಡು ಬಾರಿ ಹಳೆಯ ಮನೆ ನೋಡಿಕೊಂಡು ಬರುತ್ತಾಳೆ, ನನ್ನ ಹಾಗೆ.

ನಿವೃತ್ತ_ಗುಮಾಸ್ತ

ಮುದ್ರೆಯಲ್ಲಿ ದಿನಾಂಕ ಇಂದಿನದೇ ಇದೆಯೇ ನೋಡಿದಿರಾ?

ಬಿ_ಬ್ಲಾಕ್_402

ಈಗ ನೋಡಿದೆ. ಎರಡರಲ್ಲಿ ಸರಿಯಿದೆ. ಮೂರನೆಯದರಲ್ಲಿ ಕಳೆದ ವರ್ಷ ಎಂದಿದೆ. ನಾಳೆ ಹತ್ತು ಗಂಟೆಗೆ ಮತ್ತೆ ಹೋಗುತ್ತೇನೆ.